ಮೂರು ದಿನ ತಡ್ಕೊಳ್ಳಿ ಸ್ವಾಮಿ

ಡಲ್ಲಾಸ್ ಕಡೆ ನಾಲ್ಕು ಜನ ಕನ್ನಡದವರು ಸೇರಿದರೆ ಮಾತು ಮನೆ ಸಾಲದ ಬಡ್ಡಿಯಿಂದ ಶುರುವಾಗಿ ಎಲ್ಲಿಗೆ ಮುಟ್ಟುತ್ತದೋ ಹೇಳಲಾಗದು. ಆ ಭಾನುವಾರ ಚಿತ್ರಾನ್ನದ ತಟ್ಟೆ ಕೈಯಲ್ಲಿರುವಾಗಲೇ ಕಕ್ಕಸಿಗೆ ಬಂದು ಮುಟ್ಟಿತು.

"ಸೆನೆಟ್ ಬಿಲ್ 8 ಅಂತ. 2025ರ ಡಿಸೆಂಬರ್ 4ರಿಂದ ಜಾರಿ. ಟೆಕ್ಸಾಸಿನ ಸರ್ಕಾರಿ ಕಟ್ಟಡ, ಸರ್ಕಾರಿ ಶಾಲೆ, ಯೂನಿವರ್ಸಿಟಿ, ಎಲ್ಲಾ ಕಡೆ ಕಕ್ಕಸಿಗಾಗಲಿ ಲಾಕರ್ ರೂಮಿಗಾಗಲಿ, ಹುಟ್ಟಿದಾಗ ಗಂಡೋ ಹೆಣ್ಣೋ, ಆ ಬಾಗಿಲಿಗೇ ಹೋಗಬೇಕು" ಅಂದ ಸೀನ. ಕಾಯ್ದೆಯನ್ನು ಮೊದಲಿಂದ ಕೊನೆವರೆಗೆ ಓದುವ ಆಸಾಮಿ. ಇಂಥವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಟ್ಯಾಕ್ಸ್ ಕಟ್ಟುವ ಕಾಲಕ್ಕೆ ಮಾತ್ರ ಎಲ್ಲರಿಗೂ ನೆನಪಾಗುತ್ತಾನೆ.

"ತಪ್ಪಿ ಹೋದ್ರೆ ಜೈಲಾ?" ಗೋಪಿ ಕೇಳಿದ.

"ಹೋದವರಿಗೆ ದಂಡ ಇಲ್ಲ ಕಣೋ. ದಂಡ ಆ ಊರಿಗೆ, ಇಲ್ಲಾ ಆ ಯೂನಿವರ್ಸಿಟಿಗೆ. ಮೊದಲ ಸಲ 25,000 ಡಾಲರ್, ಆಮೇಲೆ 1,25,000."

"ಉಚ್ಚೆ ಅವರದ್ದು, ದುಡ್ಡು ನಮ್ಮದು!"

"ದೂರು ಕೊಡೋದಕ್ಕೂ ಕ್ರಮ ಇದೆ. ಮೊದಲು ಆ ಕಚೇರಿಗೆ ಬರಹದಲ್ಲಿ ತಿಳಿಸಬೇಕು. ಸರಿಮಾಡೋಕೆ ಅವರಿಗೆ ಮೂರು ಕೆಲಸದ ದಿನ. ಆಗಲೂ ಆಗದಿದ್ರೆ ಅಟಾರ್ನಿ ಜನರಲ್ ಹತ್ರ ಹೋಗಬೇಕು."

"ಒಳಗೆ ಹೋದವರು ಮೂರು ನಿಮಿಷಕ್ಕೆ ಕೈ ತೊಳ್ಕೊಂಡು ಹೊರಟಿರ್ತಾರೆ. ಶುಕ್ರವಾರ ಸಂಜೆ ನೋಡಿದ್ರೆ ಬುಧವಾರದವರೆಗೂ ತಡ್ಕೊಂಡಿರಬೇಕಾ?"

"ನಗಬೇಡ್ರೋ" ಅಂದರು ಪದ್ಮಕ್ಕ. "ಲಾಕರ್ ರೂಮಿನಲ್ಲಿ ಬಟ್ಟೆ ಬದಲಾಯಿಸುವಾಗ ಗಂಡಾಗಿ ಹುಟ್ಟಿದವರು ಬಂದ್ರೆ ಹೆಂಗಸರಿಗೆ ಮುಜುಗರ ಆಗೋದು ಸುಳ್ಳಲ್ಲ. ಈ ಕಾಯ್ದೆ ಬೇಕು ಅಂದವರೆಲ್ಲ ಕೆಟ್ಟವರೂ ಅಲ್ಲ."

ಈ ಮಾತಿಗೆ ಗೋಪಿಯೂ ಸುಮ್ಮನಾದ. ಶಾಲಿನಿ ಬಿಡಲಿಲ್ಲ. "ಮುಜುಗರ ಒಪ್ಪಿದೆ ಪದ್ಮಕ್ಕ. ಆದ್ರೆ ಬಾಗಿಲಲ್ಲಿ ನಿಂತು ಗುರುತು ಹಿಡಿಯೋರು ಯಾರು? ಬಾಬ್ ಕಟ್ ಮಾಡಿಸಿದ ಮೇಲೆ ನನ್ನನ್ನೇ ಹಿಂದಿನಿಂದ 'ಸರ್' ಅಂತಾರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕ್ತಿರೋರು, ಗಡ್ಡ ಮೀಸೆ ಬಿಟ್ಟವರು, ಈ ಕಾಯ್ದೆ ಪ್ರಕಾರ ನಮ್ಮ ಸಾಲಿಗೇ ಬರಬೇಕು. ನೋಡಿ ಮೊದಲು ಕಿರುಚೋರು ನೀವೇ!"

"ಯೂಟಾದಲ್ಲಿ ಆಗಿದ್ದೂ ಅದೇ" ಅಂದ ಸೀನ. "2024ರಲ್ಲಿ ಇಂಥದೇ ಕಾಯ್ದೆ ತಂದು, ದೂರು ತಗೊಳ್ಳೋ ಕೆಲಸ ರಾಜ್ಯದ ಲೆಕ್ಕ ಪರಿಶೋಧಕರ ತಲೆಗೆ ಕಟ್ಟಿದ್ರು. ಇಂಟರ್ನೆಟ್ಟಿನಲ್ಲಿ ಫಾರಂ ಹಾಕಿದ್ದೇ ತಡ, ಸಾವಿರಗಟ್ಟಲೆ ಬೋಗಸ್ ದೂರು ಬಂದು ಬಿತ್ತು."

ಜಮಾಖರ್ಚು ನೋಡಬೇಕಾದ ಮನುಷ್ಯ ಕಕ್ಕಸಿನ ಕಾವಲಿಗೆ! ನಾರ್ತ್ ಕ್ಯಾರೊಲಿನಾದ ಕಥೆಯೂ ಬಂತು: 2016ರ ಮಾರ್ಚ್ 23ರಂದು ಒಂದೇ ದಿನದಲ್ಲಿ ಇಂಥದೇ ಮಸೂದೆಯ ಮಂಡನೆ, ಅಂಗೀಕಾರ, ಗವರ್ನರ್ ಸಹಿ. ಅದೇ ಕಾರಣಕ್ಕೆ ಎನ್‌ಬಿಎ ಬಾಸ್ಕೆಟ್‌ಬಾಲಿನ ಆಲ್‌ಸ್ಟಾರ್ ಪಂದ್ಯ ಅಲ್ಲಿನ ಷಾರ್ಲೆಟ್ ಬಿಟ್ಟು ನ್ಯೂ ಆರ್ಲಿಯನ್ಸಿಗೆ ಹೋಯಿತು, ಗವರ್ನರ್ ಚುನಾವಣೆ ಸೋತರು, ಮುಂದಿನ ಮಾರ್ಚಿಗೆ ಆ ನಿಯಮವೂ ರದ್ದಾಯಿತು.

"ಮಕ್ಕಳಿಗೆ?" ಪದ್ಮಕ್ಕನ ದನಿ ಬದಲಾಗಿತ್ತು.

"ಒಂಬತ್ತು ವರ್ಷದವರೆಗೆ ಅಮ್ಮನ ಜೊತೆ ಹೋಗಬಹುದು."

"ನಮ್ಮವನಿಗೆ ಬರೋ ತಿಂಗಳು ಹತ್ತು ತುಂಬತ್ತೆ! ಇನ್ನೂ ಬೆಲ್ಟ್ ಹಾಕ್ಕೊಳ್ಳೋಕೆ ಬರಲ್ಲ ಅದಕ್ಕೆ."

"ಕೇಕ್ ಕತ್ತರಿಸೋ ಮುಂಚೆ ಕರ್ಕೊಂಡು ಹೋಗಿಬಿಡಿ" ಅಂದ ಗೋಪಿ. ಪದ್ಮಕ್ಕ ಅವನ ತಟ್ಟೆಯಿಂದ ಹಪ್ಪಳ ಕಿತ್ತುಕೊಂಡರು.

ಶಾಲಿನಿಯ ದೂರೇ ಬೇರೆ. "ಇಷ್ಟೆಲ್ಲ ವಾದ ಮಾಡ್ತೀರಲ್ಲ, ನಮ್ಮ ಸಾಲಿನ ಉದ್ದದ ಮಾತು ಯಾರಾದ್ರೂ ಎತ್ತಿದ್ರಾ? ಇದೇ ಟೆಕ್ಸಾಸಲ್ಲಿ, 1990ರಲ್ಲಿ, ಹ್ಯೂಸ್ಟನ್ನಿನ ಸಮ್ಮಿಟ್ ಅರೀನಾದಲ್ಲಿ ಜಾರ್ಜ್ ಸ್ಟ್ರೇಟ್ ಗಾಯನ. ಹೆಂಗಸರ ಸಾಲು ಕರಗಲೇ ಇಲ್ಲ ಅಂತ ಒಬ್ಬಳು ಗಂಡಸರ ಕಡೆ ನುಗ್ಗಿದಳು. ಪೊಲೀಸರು ಹಿಡಿದು ಕೇಸ್ ಹಾಕಿದ್ರು, 200 ಡಾಲರ್‌ವರೆಗೆ ದಂಡ ಬೀಳೋ ಕೇಸು. ಜ್ಯೂರಿ ಖುಲಾಸೆ ಮಾಡ್ತು. ಆಮೇಲೇ ತಾನೇ ಹೊಸ ಸಭಾಂಗಣಗಳಲ್ಲಿ ನಮಗೆ ಜಾಸ್ತಿ ಟಾಯ್ಲೆಟ್ ಇರಬೇಕು ಅಂತ ಇಲ್ಲಿ ಕಾನೂನು ಬಂದಿದ್ದು!"

"ಆ ಅರೀನಾ ಆಗ ಊರಿನ ಆಸ್ತಿ" ಸೀನ ಲೆಕ್ಕ ಹಾಕಿದ. "ಅಂಥ ಜಾಗದಲ್ಲಿ ಇವತ್ತಾಗಿದ್ರೆ ಹ್ಯೂಸ್ಟನ್ ನಗರಕ್ಕೇ 25,000 ಬೀಳಬಹುದಿತ್ತು."

"ಹಾಗಾದ್ರೆ ಈಗ ಪೊಲೀಸರು ಅವಳ ಕೈ ಹಿಡಿಯಲ್ಲ" ಅಂದ ಗೋಪಿ, "ಕಾಲು ಹಿಡೀತಾರೆ."