ವಠಾರದ ಹುಡುಗಿ ಶಾಲೆ ಬಿಟ್ಟಿದ್ದಾಳೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರೆ ಮಕ್ಕಳನ್ನ ಕರ್ಕೊಂಡು ಹೋಗಿಬಿಡ್ತಾರಾ?

ಕಾಮಾಕ್ಷಿಪಾಳ್ಯದ ಗೃಹಿಣಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಮಾಕ್ಷಿಪಾಳ್ಯದಲ್ಲಿ ಚಿಕ್ಕ ವಠಾರ. ಕೆಳಗೆ ನಾವಿದ್ದೀವಿ, ಮೇಲಿನ ಶೀಟ್ ಮನೆಗಳನ್ನ ಬಾಡಿಗೆಗೆ ಕೊಟ್ಟಿದ್ದೀವಿ. ಒಂದರಲ್ಲಿ ಯಾದಗಿರಿ ಕಡೆಯ ಸಂಸಾರ ಇದೆ. ಗಂಡನಿಗೆ ಸೆಂಟ್ರಿಂಗ್ ಕೆಲಸ, ಹೆಂಡತಿ ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ಹುಡುಗಿಗೆ 11 ವರ್ಷ, ಆರನೇ ಕ್ಲಾಸು. ತಮ್ಮನಿಗೆ ಮೂರು ತುಂಬಿದೆ.

ದಸರಾ ರಜಕ್ಕೆ ಮುಂಚೆ ಆ ಮನುಷ್ಯ ಸೈಟಲ್ಲಿ ಸಾರ್ವೆ ಮೇಲಿಂದ ಬಿದ್ದು ತೊಡೆ ಮೂಳೆ ಮುರ್ಕೊಂಡ. ರಾಡ್ ಹಾಕಿದ್ದಾರೆ, ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಮೇಸ್ತ್ರಿ ಮೊದಲು ಒಂದಿಷ್ಟು ದುಡ್ಡು ಕೊಟ್ಟು ಹೋದ, ಈಗ ಫೋನೇ ಎತ್ತಲ್ಲ. ಉಳಿದ ಖರ್ಚಿಗೆ ಸಂಘದಲ್ಲಿ ಸಾಲ ಮಾಡಿದ್ದಾರೆ. ಆಕೆ ಬೆಳಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರೋದು ರಾತ್ರಿ ಏಳಕ್ಕೆ. ಅಲ್ಲಿವರೆಗೂ ಎಲ್ಲಾ ಆ ಹುಡುಗಿಯದೇ. ತಮ್ಮನಿಗೆ ಉಣ್ಣಿಸ್ತಾಳೆ, ಸಂಪಿಂದ ನೀರು ಹೊತ್ತು ಮೇಲೆ ತರ್ತಾಳೆ, ಅಪ್ಪನಿಗೆ ಬೆಡ್‌ಪ್ಯಾನ್ ಇಡ್ತಾಳೆ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ಬರ್ಕೊಂಡಿದ್ದಾಳೆ. ಮೊನ್ನೆ ನಾನು ಸಾರು ಕೊಡೋಕೆ ಹೋದಾಗ ನನ್ನ ಮಗನ ಗಣಿತದ ಪುಸ್ತಕ ಕೇಳಿದ್ಲು.

ನನಗೆ ನಿದ್ದೆ ಕೆಡಿಸಿರೋದು ಬೇರೆ ವಿಷಯ. ಅವರ ಸಂಬಂಧಿ ಒಬ್ಬ ಬಂದು, "ದೊಡ್ಡ ಅಪಾರ್ಟ್‌ಮೆಂಟಲ್ಲಿ ಒಳ್ಳೆ ಜನ ಇದ್ದಾರೆ, ಹುಡುಗೀನ ಅಲ್ಲಿ ಬಿಡ್ತೀನಿ, ಅವರೇ ಓದಿಸ್ತಾರೆ" ಅಂತಿದ್ದಾನೆ. ನಮ್ಮ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು 1098ಕ್ಕೆ ಫೋನ್ ಮಾಡಿ ಅಂದ್ರು. ಇನ್ನೊಬ್ಬರು, ಮಾಡಬೇಡಿ, ಮಕ್ಕಳನ್ನ ಎತ್ಕೊಂಡು ಹೋಗಿ ಬಾಲಮಂದಿರಕ್ಕೆ ಹಾಕ್ತಾರೆ ಅಂದ್ರು. ಮತ್ತೊಬ್ಬರು ಹುಡುಗಿಯ ಫೋಟೋ ಹಾಕಿ ದುಡ್ಡು ಎತ್ತೋಣ ಅಂತಿದ್ದಾರೆ. ಆ ಸಂಸಾರ ಒಡೀಬಾರದು, ಹುಡುಗಿಯೂ ಹಾಳಾಗಬಾರದು. ತಿಳಿದವರು ದಯವಿಟ್ಟು ಹೇಳಿ.

ರಾಜಾಜಿನಗರ ಆಟೋ:

ಮೇಡಂ, ಮಾಗಡಿ ರಸ್ತೆ ಕಡೆ ಆಶ್ರಮಗಳಿವೆ. ಎರಡೂ ಮಕ್ಕಳನ್ನ ಒಂದು ವರ್ಷ ಬಿಟ್ಟರೆ ಊಟ, ವಸತಿ, ಓದು ಎಲ್ಲಾ ಆಗುತ್ತೆ. ಅಪ್ಪ ಎದ್ದು ಓಡಾಡೋ ಹಾಗಾದ್ಮೇಲೆ ಕರ್ಕೊಂಡು ಬರಬಹುದು. ಕರ್ಕೊಂಡು ಹೋಗಿ ಬಿಡೋಕೆ ನನ್ನ ಆಟೋ ಇದೆ, ಬಾಡಿಗೆ ಬೇಡ.

ಲಗ್ಗೆರೆ ಅಂಗನವಾಡಿ ಟೀಚರ್ (ನಿವೃತ್ತಿ):

ಅಮ್ಮಾ, ಒಂದು ವಿಷಯ ಕಾಯೋ ಹಾಗಿಲ್ಲ, ಅದನ್ನೇ ಮೊದಲು ಹೇಳ್ತೀನಿ. ಆ ಸಂಬಂಧಿ ಹುಡುಗೀನ ಕರ್ಕೊಂಡು ಹೋಗೋಕೆ ಬರ್ತಾನೆ ಅಂತ ಸುಳಿವು ಸಿಕ್ಕ ಕೂಡಲೇ 1098ಕ್ಕೆ ಫೋನ್ ಮಾಡಿ. ಹದಿನಾಲ್ಕು ತುಂಬದ ಮಗುವನ್ನ ಮನೆಗೆಲಸಕ್ಕೆ ಇಟ್ಕೊಳ್ಳೋದು ಅಪರಾಧ. 2016ರ ತಿದ್ದುಪಡಿ ಬಂದಮೇಲೆ ಸಿನಿಮಾ, ಟಿವಿ ನಟನೆಯಂಥದ್ದು ಬಿಟ್ಟರೆ ಹೊರಗಿನವರು ಆ ವಯಸ್ಸಿನ ಮಕ್ಕಳನ್ನ ಯಾವ ಕೆಲಸಕ್ಕೂ ಇಟ್ಕೊಳ್ಳೋ ಹಾಗಿಲ್ಲ. "ಓದಿಸ್ತೀವಿ" ಅನ್ನೋ ಮಾತು ನಂಬಿ ಹೋದ ಹುಡುಗಿಯರನ್ನ ಲಗ್ಗೆರೆಯಲ್ಲಿ ಕಂಡಿದ್ದೀನಿ. ಅವರಲ್ಲಿ ಒಬ್ಬಳೂ ಶಾಲೆ ಮೆಟ್ಟಿಲು ಹತ್ತಲಿಲ್ಲ. ಬಾಗಿಲು ಹಾಕಿದ ಫ್ಲಾಟಿನ ಒಳಗೆ ಮಗುವಿಗೆ ಏನಾದ್ರೂ ಕೇಳೋರಿರಲ್ಲ.

ಎತ್ಕೊಂಡು ಹೋಗ್ತಾರೆ ಅನ್ನೋ ಭಯ ನನಗೆ ಅರ್ಥವಾಗುತ್ತೆ, ಎಲ್ಲಾ ತಾಯಂದಿರಿಗೂ ಇರೋ ಭಯ ಅದು. ಆದರೆ 2015ರ ಬಾಲ ನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೇ ಇದೆ: ಮಗುವಿನ ಮೊದಲ ಹೊಣೆ ಅದರ ಕುಟುಂಬದ್ದು, ಸಂಸ್ಥೆಗೆ ಸೇರಿಸೋದು ಕಟ್ಟಕಡೆಯ ದಾರಿ. ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದರೂ ಮನೆ ಪರಿಸ್ಥಿತಿ ವಿಚಾರಿಸಿ ವರದಿ ತರಿಸ್ಕೊಂಡು ತೀರ್ಮಾನ ಮಾಡಬೇಕು. ಮಗುವಿಗೆ ಹೊಡೆತ, ಬಡಿತ, ಲೈಂಗಿಕ ಕಿರುಕುಳ ಇದ್ದರೆ ಮಾತೇ ಬೇರೆ. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಇರೋದು ಪೋಕ್ಸೊ ಕಾಯ್ದೆ ಪ್ರಕಾರ ತಪ್ಪು. ನೀವು ಬರೆದಿರೋ ಮನೆ ಅಂಥದ್ದಲ್ಲ.

ಆಟೋ ಅಣ್ಣ, ನಿಮ್ಮ ಮನಸ್ಸು ದೊಡ್ಡದು. ಆದರೆ ಬಾಲ ನ್ಯಾಯ ಕಾಯ್ದೆಯಡಿ ನೋಂದಣಿ ಇಲ್ಲದ ಜಾಗಕ್ಕೆ ಮಕ್ಕಳನ್ನ ಬಿಟ್ಟು ಬರೋ ಹಾಗಿಲ್ಲ. ಮೂರು ವರ್ಷದ ಕೂಸನ್ನ ಅವ್ವನಿಂದ ದೂರ ಮಾಡಿದ್ರೆ ಅದು ಅನ್ನ ಬಿಡುತ್ತೆ, ನಾನು ಕಣ್ಣಾರೆ ಕಂಡಿದ್ದೀನಿ. ನಿಮ್ಮ ಆಟೋ ಬೇಕಾಗುತ್ತೆ, ಮುಂದೆ ಹೇಳ್ತೀನಿ.

ಈ ಮನೇಲಿ ಎಂಟರಿಂದ ಏಳರವರೆಗೆ ಓಡಾಡೋ ದೊಡ್ಡವರು ಯಾರೂ ಇಲ್ಲ. ಆ ಜಾಗದಲ್ಲಿ ಹುಡುಗಿ ನಿಂತಿದ್ದಾಳೆ. ದುಡ್ಡು ಎತ್ತಿಕೊಟ್ಟರೂ ಆ ಹೊತ್ತು ಅವಳ ತಲೆ ಮೇಲಿಂದ ಇಳಿಯಲ್ಲ. ಅದನ್ನ ಇಳಿಸೋ ದಾರಿ ಹುಡುಕಬೇಕು.

ತಮ್ಮನಿಂದ ಶುರು ಮಾಡಿ. ಹೆಚ್ಚು ಹೆಂಗಸರು ದುಡಿಯೋ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಕಾಲದಿಂದಲೂ ಕಾನೂನಿದೆ. ಇದೆಯೋ ಇಲ್ಲವೋ, ಇದ್ದರೆ ಯಾಕೆ ಬಿಡ್ತಿಲ್ಲ, ಆಕೆಯನ್ನ ಕೇಳಿ. ತುಂಬಾ ಜನಕ್ಕೆ ಕೂಸನ್ನ ಬಸ್ಸಲ್ಲಿ ಎತ್ಕೊಂಡು ಹೋಗೋದೇ ಕಷ್ಟ. ಹಾಗಿದ್ದರೆ ನಿಮ್ಮ ಬೀದಿಯ ಅಂಗನವಾಡಿ ಇದೆ. ಮೂರು ತುಂಬಿದೆ, ಊಟ ಅಲ್ಲೇ ಸಿಗುತ್ತೆ. ಕಾರ್ಡಲ್ಲಿ ಊರಿನ ವಿಳಾಸ ಇದೆ ಅಂತ ಬೇಡ ಅನ್ನಲ್ಲ.

ಅಪ್ಪನ ವಿಷಯ. ಆಕೆಯ ಸಂಬಳದ ಚೀಟಿ ತೆಗೆಸಿ ನೋಡಿ, ಇಎಸ್‌ಐಗೆ, ಅಂದ್ರೆ ನೌಕರರ ವಿಮೆಗೆ, ಹಣ ಹಿಡೀತಿರ್ತಾರೆ. ಅದು ದುಡಿಯೋಳಿಗೆ ಮಾತ್ರ ಅಂತ ಜನ ತಿಳ್ಕೊಂಡಿದ್ದಾರೆ. ಗಂಡನಿಗೂ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಇದೆ. ಕಾರ್ಡಲ್ಲಿ ಗಂಡನ ಹೆಸರು ಸೇರಿರಬೇಕು ಅಷ್ಟೆ, ಇಲ್ಲದಿದ್ದರೆ ಫ್ಯಾಕ್ಟರಿ ಎಚ್‌ಆರ್ ಹತ್ರ ಸೇರಿಸೋಕೆ ಹೇಳಲಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆ ಪಕ್ಕದಲ್ಲೇ ಇದೆ. ಆ ಮನುಷ್ಯನನ್ನ ಅಲ್ಲಿ ತೋರಿಸಿ, ಫಿಸಿಯೋಥೆರಪಿ ಕೇಳಿ. ಆಟೋ ಅಣ್ಣ, ಬಾಡಿಗೆ ಬೇಡ ಅಂದ್ರಲ್ಲ, ಇಲ್ಲಿಗೆ ಕರ್ಕೊಂಡು ಹೋಗಿ. ಅವನು ವಾಕರ್ ಹಿಡ್ಕೊಂಡು ತಾನೇ ಬಚ್ಚಲಿಗೆ ಹೋಗಿಬರೋ ಹಾಗಾದ್ರೆ ಹುಡುಗಿಗೆ ಮುಕ್ಕಾಲು ಬಿಡುಗಡೆ.

ಶಾಲೆಗೆ ಹೆದರಬೇಡಿ. ಅವಳು ಹೋಗ್ತಿದ್ದ ಸರ್ಕಾರಿ ಶಾಲೆಯಲ್ಲಿ ಇನ್ನೂ ಹೆಸರಿದ್ದರೆ ನೇರ ಹೋಗಿ ಕೂರಿಸಿ. ಹೆಸರು ತೆಗೆದಿದ್ದರೂ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸ್ಕೊಳ್ಳಲೇಬೇಕು, ಟಿಸಿ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ.

ಮೇಸ್ತ್ರಿಯನ್ನ ಸುಮ್ಮನೆ ಬಿಡಬೇಡಿ. ಕೆಲಸದಲ್ಲಿ ಪೆಟ್ಟಾದ್ರೆ ಪರಿಹಾರ ಕೊಡೋ ಹೊಣೆ ಕೆಲಸ ಕೊಟ್ಟವರದ್ದು. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದ್ರೆ ಉಚಿತವಾಗಿ ವಕೀಲರು ಸಿಗ್ತಾರೆ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಮಾಡಿಸಿದ್ದಾನಾ ಕೇಳಿ, ಅಪಘಾತಕ್ಕೂ ಮಕ್ಕಳ ಓದಿಗೂ ಅದರಲ್ಲಿ ಸಹಾಯಧನ ಇದೆ.

ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಅಂತ ಸಹಾಯಧನ ಇದೆ, ಮಗು ಮನೇಲೇ ಉಳೀಲಿ ಅಂತಲೇ ಮಾಡಿರೋದು. ಆದರೆ ನಗರದಲ್ಲಿ ಮನೆಯ ವರಮಾನ ವರ್ಷಕ್ಕೆ 96,000 ಮೀರಬಾರದು. ಗಾರ್ಮೆಂಟ್ಸ್ ಸಂಬಳ ಅದನ್ನ ದಾಟಿಬಿಡುತ್ತೆ. ಈ ಮಿತಿ ಬೆಂಗಳೂರಿನ ಬಾಡಿಗೆ ಕಟ್ಟೋ ಮನೆಗಳಿಗೆ ಅನ್ಯಾಯ ಅಂತ ನಾನು ಮೀಟಿಂಗಿನಲ್ಲೂ ಹೇಳಿದ್ದೀನಿ, ಇಲ್ಲೂ ಹೇಳ್ತೀನಿ.

ಫೋಟೋ ಮಾತ್ರ ಹಾಕಬೇಡಿ, ಕೈ ಮುಗೀತೀನಿ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲು ಮಾಡಬಾರದು ಅಂತ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತೆ. ಕಾನೂನು ಪಕ್ಕಕ್ಕಿಡಿ, ನಾಳೆ ಅವಳು ಅದೇ ಶಾಲೆಯಲ್ಲಿ ಅದೇ ಗೆಳತಿಯರ ಜೊತೆ ಕೂರಬೇಕಲ್ಲ.

ಲಿಂಗಸಗೂರಿನಾಂವ:

ಟೀಚರಮ್ಮ ಹೇಳಿದ್ದು ಖರೇ ಅದ. ಅಕ್ಕಾರ, ನಂದೂ ಒಂದು ಮಾತು ಕೇಳ್ರಿ. ನಮ್ಮಪ್ಪ ಯಶವಂತಪುರ ಮಾರ್ಕೆಟ್‌ನ್ಯಾಗ ಹಮಾಲಿ ಮಾಡ್ತಿದ್ದ. ಬೆನ್ನಿಗೆ ಪೆಟ್ಟು ಬಿದ್ದು ಮನ್ಯಾಗ ಮಲಗಿದಾಗ ನಾ ಎಂಟನೇತ್ತ ಇದ್ದೆ. ಓಣಿ ಮಂದಿ ಅಕ್ಕಿ ಬ್ಯಾಳಿ ಕೊಟ್ರು, ಆದ್ರ ಎಲ್ಲಾರ ಮುಂದ ಕೊಡ್ತಿದ್ರು. ನಮ್ಮವ್ವ ಇಸ್ಕೊಳ್ಳುವಾಗ ತೆಲಿ ಎತ್ತತಿದ್ದಿಲ್ಲ. ಕಿರಾಣಿ ಅಂಗಡಿ ಶೆಟ್ಟರು ಮಾತ್ರ ಉದ್ರಿ ಪುಸ್ತಕದಾಗ ಬರ್ದು, "ಆರಾಮಾದ ಮ್ಯಾಲೆ ಕೊಡ್ರಿ" ಅಂದ್ರು. ಅವರ್ದು ನಮ್ಮಪ್ಪ ಎದ್ದ ಮ್ಯಾಲೆ ಎಲ್ಲಾ ಮುಟ್ಟಿಸಿದ. ಅದಕ್ಕ ಏನ ಮಾಡೂದಿದ್ರೂ ಮೊದ್ಲ ಆ ತಾಯಿನ್ನ ಕೇಳ್ರಿ. ಗುಂಪಿನ್ಯಾಗ ಚರ್ಚಾ ಮಾಡಿ ಆಮ್ಯಾಲೆ ಹೇಳಬ್ಯಾಡ್ರಿ.

ಊರಾಗ ಅಜ್ಜಿ, ಅತ್ತಿ ಯಾರರ ಅದಾರೇನು? ಶಕ್ತಿ ಯೋಜನಾದಾಗ ಹೆಂಗಸರಿಗೆ ಸಾದಾ ಬಸ್ಸಿಗೆ ರೊಕ್ಕ ಇಲ್ಲ, ಎರಡು ತಿಂಗಳು ಬಂದು ಇರಬಹುದು. ಇನ್ನ ರೇಷನ್ ಕಾರ್ಡ್ ಯಾದಗಿರಿದಿದ್ರೂ ನಡೀತದ, ರಾಜ್ಯದಾಗ ಯಾವ ನ್ಯಾಯಬೆಲೆ ಅಂಗಡ್ಯಾಗರ ಹೆಬ್ಬೆಟ್ಟು ಒತ್ತಿ ಅಕ್ಕಿ ತರಬಹುದು. ನಮ್ಮ ಕಡೆ ಮಂದಿಗೆ ಇದು ಗೊತ್ತೇ ಇರೂದಿಲ್ಲ.

ಕಾಮಾಕ್ಷಿಪಾಳ್ಯದ ಗೃಹಿಣಿ:

ನಿನ್ನೆ ರಾತ್ರಿ ಆಕೆ ಕೆಲಸದಿಂದ ಬಂದಮೇಲೆ ಅಡುಗೆಮನೇಲಿ ಕೂರಿಸ್ಕೊಂಡು ಮಾತಾಡಿದೆ. ಇಎಸ್‌ಐ ವಿಷಯ ನಿಜವಾಗಲೂ ಗೊತ್ತಿರಲಿಲ್ಲ, ಕಾರ್ಡಲ್ಲಿ ಬರೀ ಆಕೆಯ ಹೆಸರಿದೆ. ಅತ್ತೆ ಊರಲ್ಲಿದ್ದಾರಂತೆ, ತೊಗರಿ ರಾಶಿ ಮುಗಿಸ್ಕೊಂಡು ಬರ್ತಾರಂತೆ. ಅಲ್ಲಿವರೆಗೆ ಹಗಲು ಎರಡು ಸಲ ನಾನು, ಎದುರು ಮನೆ ಯಜಮಾನರು ಮೇಲೆ ಹೋಗಿ ಅವನನ್ನ ನೋಡ್ಕೊಳ್ಳೋದು ಅಂತ ಮಾತಾಗಿದೆ. ಈ ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಳ್ತೀನಿ ಅಂದೆ, ಒಪ್ಪಿದ್ಲು.

ಆದರೆ ಕೊನೆಗೆ ಇನ್ನೊಂದು ಮಾತು ಹೊರಗೆ ಬಂತು. ಆ ಸಂಬಂಧಿ ಆಪರೇಷನ್ ಹೊತ್ತಲ್ಲಿ 20,000 ಕೊಟ್ಟಿದ್ದಾನೆ. ದುಡ್ಡು ಅಪಾರ್ಟ್‌ಮೆಂಟಿನವರದ್ದಂತೆ. "ಹುಡುಗಿ ಬರಲಿ, ಅದರಲ್ಲಿ ವಜಾ ಆಗುತ್ತೆ" ಅಂತಿದ್ದಾನೆ. ಭಾನುವಾರ ಬರ್ತಾನಂತೆ. ಆಕೆಗೆ ಇಷ್ಟ ಇಲ್ಲ, ಗಂಡ ಮಾತ್ರ ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಈಗ ಏನು ಮಾಡಲಿ ಟೀಚರ್?

ಲಗ್ಗೆರೆ ಅಂಗನವಾಡಿ ಟೀಚರ್ (ನಿವೃತ್ತಿ):

ಇವತ್ತೇ ಫೋನ್ ಮಾಡಿ ಅಮ್ಮಾ, ಭಾನುವಾರದವರೆಗೆ ಕಾಯಬೇಡಿ. ಮುಂಗಡ ಕೊಟ್ಟು ಅದಕ್ಕೆ ಪ್ರತಿಯಾಗಿ ಮಗುವನ್ನ ದುಡಿಸ್ಕೊಳ್ಳೋದು ಜೀತ. 1976ರಲ್ಲೇ ಕಾಯ್ದೆ ಮಾಡಿ ಅದನ್ನ ತೆಗೆದಿದ್ದಾರೆ, ಅಂಥ ಸಾಲ ತೀರಿಸೋ ಹೊಣೆಯೂ ಉಳಿಯಲ್ಲ. ಇದನ್ನ ಗಂಡನಿಗೆ ನೀವೇ ಬಿಡಿಸಿ ಹೇಳಿ. ಆ 20,000ಕ್ಕೆ ಏನು ಹೇಳೋದು ಅಂತಲೇ ಅವನು ಗೋಡೆ ಕಡೆ ತಿರುಗಿರೋದು, ಮಗಳ ಮೇಲೆ ಪ್ರೀತಿ ಇಲ್ಲದೆ ಅಲ್ಲ.

1098ಕ್ಕೆ ಮಾಡಿದಾಗ ಹುಡುಗಿಯ ವಯಸ್ಸು, ಮನೆ ಇರೋ ಜಾಗ, ಅವನು ಬರೋ ದಿನ, ಮುಂಗಡದ ವಿಷಯ ಎಲ್ಲಾ ಹೇಳಿ. ನಿಮ್ಮ ಹೆಸರು ಗುಟ್ಟಾಗಿಡಿ ಅಂತ ಕೇಳ್ಕೊಳ್ಳಿ. ತಂದೆತಾಯಿ ಮಗುವನ್ನ ಮನೇಲೇ ಇಟ್ಕೊಂಡು ಓದಿಸೋಕೆ ಸಿದ್ಧ ಇದ್ದಾರೆ, ಅಕ್ಕಪಕ್ಕದವರು ಜೊತೆಗಿದ್ದೀವಿ ಅನ್ನೋದನ್ನೂ ಸ್ಪಷ್ಟವಾಗಿ ಹೇಳಿ. ಅವನು ಮುಂಚೆಯೇ ಬಂದುಬಿಟ್ಟರೆ ಪೊಲೀಸರ 112ಕ್ಕೆ ಮಾಡಿ.

ಸೋಮವಾರ ಹತ್ತು ಗಂಟೆಗೆ ಶಾಲೆ ಹತ್ರ ನಾನೂ ಬರ್ತೀನಿ. ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಹುಡುಗೀನ ಕೂರಿಸಿ, ಹಾಗೇ ತಮ್ಮನನ್ನ ಅಂಗನವಾಡಿಗೆ ಬಿಟ್ಟು ಬರೋಣ. ಯಾವ ಶಾಲೆ ಅಂತ ಇಲ್ಲಿ ಬರೀಬೇಡಿ, ನನಗೊಬ್ಬಳಿಗೇ ಮೆಸೇಜ್ ಮಾಡಿ.

ರಾಜಾಜಿನಗರ ಆಟೋ:

ಟೀಚರ್ ಹೇಳಿದ್ದು ಸರಿ. ಮೇಡಂ, ಇಎಸ್‌ಐಗೆ ಯಾವ ದಿನ ಅಂತ ಹೇಳಿ. ಕಾಲು ಚಾಚಿ ಕೂರೋಕೆ ಆಟೋ ಸಾಲದು, ನಮ್ಮ ಸ್ಟ್ಯಾಂಡಿನ ಹುಡುಗನ ಹತ್ರ ಓಮ್ನಿ ಇದೆ, ಕೇಳಿದ್ದೀನಿ, ಒಪ್ಪಿದ್ದಾನೆ. ಶೀಟ್ ಮನೆಯಿಂದ ಮೆಟ್ಟಿಲು ಇಳಿಸೋಕೆ ಇಬ್ಬರು ಬರ್ತೀವಿ.