ತೋಟದ ಮನೆಗೆ ಪಫ್ ಪ್ಯಾನೆಲ್ಲೋ, ಕಟ್ಟಿಗೆ ಚೌಕಟ್ಟೋ? ಕಟ್ಟಿಸಿದವರು ಹೇಳ್ರಿ

ಪ್ರಶ್ನೆ: ವಿಜಯಪುರದ ಹೊರಗೆ ತೋಟದಲ್ಲಿ ಎರಡು ಕೋಣೆಯ ಮನೆ ಕಟ್ಟಬೇಕು. ಎರೆ ಭೂಮಿ. ಅಮೆರಿಕದಲ್ಲಿರುವ ತಮ್ಮ ಕಟ್ಟಿಗೆ ಚೌಕಟ್ಟಿನ ಮನೆ ಕಟ್ಟಿಸು ಅಂತಾನೆ. ಇಲ್ಲಿ ಶೆಡ್ ಹಾಕುವವರು ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಪಾಲಿಯುರೆಥೇನ್ ಫೋಮ್ (ಪಫ್) ತುಂಬಿದ ಹಲಗೆ, ಹಾಕಿಸ್ರಿ ಅಂತಾರೆ. ಬೇಸಿಗೆಯಲ್ಲೂ ಅಪ್ಪ, ಅವ್ವ ಅಲ್ಲೇ ಇರುತ್ತಾರೆ. ಅನುಭವ ಇದ್ದವರು ತಿಳಿಸಿ.

ವಿಜಯಪುರದಿಂದ ಉತ್ತರ: ಅಣ್ಣಾರ, ನಮ್ಮ ಮನೆಯ ಸ್ಲ್ಯಾಬ್ ಮೇಲೆ ಪಫ್ ಪ್ಯಾನೆಲ್ ಕೋಣೆ ಇದೆ, ಊರಲ್ಲಿ ಅಜ್ಜನ ಕಾಲದ ತೊಲೆ ಜಂತಿಯ ಮಾಳಿಗೆ ಮನೆಯೂ ಇದೆ. ಎರಡರಲ್ಲೂ ಬೇಸಿಗೆ ಕಳೆದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಮ್ಮ ಹೇಳುವ ಮನೆ ನೋಡೋಣ. ಅಲ್ಲಿ ಕಟ್ಟಿಗೆ ಪಟ್ಟಿಗಳನ್ನು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸಿ, ನಡುವೆ ಫೈಬರ್ ಗ್ಲಾಸ್ ತುಂಬಿ, ಎರಡೂ ಕಡೆ ಹಲಗೆ ಹೊಡೆಯುತ್ತಾರೆ. ಅಂದರೆ ಶಾಖ ತಡೆಯುವುದು ಮುಖ್ಯವಾಗಿ ನಡುವೆ ತುಂಬಿದ ಸಾಮಾನು, ಕಟ್ಟಿಗೆ ಅಲ್ಲ. ಪಟ್ಟಿ ಇರುವ ಕಡೆಯೆಲ್ಲ ಶಾಖ ಒಳಗೆ ದಾಟಿಬಿಡುತ್ತದೆ. ಪ್ಯಾನೆಲ್‌ನಲ್ಲಿ ಫೋಮ್ ಒಂದೇ ಸಮ ಇರುವುದರಿಂದ ಆ ತೊಂದರೆ ಕಡಿಮೆ. ಆದರೆ ಅಲ್ಲಿಯ ಮನೆಗಳ ಪ್ಯಾನೆಲ್ ಬೇರೆ, ಎರಡು ಓಎಸ್‌ಬಿ (ಕಟ್ಟಿಗೆ ಚಕ್ಕೆ ಅಂಟಿಸಿ ಒತ್ತಿದ) ಹಲಗೆ ನಡುವೆ ಹೆಚ್ಚಾಗಿ ಥರ್ಮಾಕೋಲ್ ಜಾತಿಯ ಫೋಮ್. ನಮ್ಮಲ್ಲಿ ಶೆಡ್‌ನವರು ತರುವುದು ಬಣ್ಣದ ತಗಡಿನ ನಡುವೆ ಪಫ್. ಒಂದೇ ದಪ್ಪದ ಕಟ್ಟಿಗೆ ಮತ್ತು ಪಫ್ ಹೋಲಿಸಿದರೆ ಪಫ್ ಐದಾರು ಪಟ್ಟು ಜಾಸ್ತಿ ಶಾಖ ತಡೆಯುತ್ತದೆ.

ಹಾಗಂತ ಇಡೀ ಮನೆ ಪ್ಯಾನೆಲ್‌ನಲ್ಲೇ ಮಾಡಿ ಅಂತ ನಾನು ಹೇಳಲ್ಲ. ಪ್ಯಾನೆಲ್ ಹೊರಗಿನ ಬಿಸಿ ತಡೆಯುತ್ತದೆ, ಆದರೆ ತಂಪು ಹಿಡಿದಿಟ್ಟುಕೊಳ್ಳುವ ತೂಕ ಅದಕ್ಕಿಲ್ಲ. ನಮ್ಮ ಮೇಲಿನ ಕೋಣೆಯಲ್ಲಿ ಏಸಿ ಹಾಕಿದರೆ ಬೇಗ ತಂಪಾಗುತ್ತದೆ, ಕರೆಂಟ್ ಹೋಗಿ ಪಶ್ಚಿಮದ ಕಿಟಕಿಗೆ ಬಿಸಿಲು ಬಿದ್ದರೆ ಅಷ್ಟೇ ಬೇಗ ಕಾಯುತ್ತದೆ, ಮೇಲಾಗಿ ಒಳಗೆ ಬಂದ ಶಾಖ ಹೊರಗೆ ಹೋಗುವುದೂ ಇಲ್ಲ. ಊರಿನ ಮನೆ ಹಾಗಲ್ಲ. ಗೋಡೆಯೇ ಎರಡು ಅಡಿ ದಪ್ಪ, ಕಲ್ಲು ಮತ್ತು ಮಣ್ಣು, ಜಂತಿ ಮೇಲೆ ಸವಳು ಮಣ್ಣಿನ ಹೊದಿಕೆ. ರಾತ್ರಿ ಬಾಗಿಲು, ಬೆಳಕಿಂಡಿ ತೆರೆದಿಟ್ಟರೆ ಗೋಡೆ ಆರುತ್ತದೆ, ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಹಿರಿಯರು ಆರಾಮಾಗಿ ಮಲಗುತ್ತಾರೆ. ಆ ತಂಪು ಗೋಡೆ ಮತ್ತು ಮಣ್ಣಿನದು, ತೊಲೆ ಜಂತಿ ಬರೀ ಹೊರುತ್ತವೆ.

ಹಾಗಾಗಿ ಅಪ್ಪ, ಅವ್ವ ಇರುವ ಮನೆ ಅಂದರೆ ನನ್ನ ಮಾತು ಇಷ್ಟು: ಗೋಡೆ ಕಲ್ಲಿನದೋ ಇಟ್ಟಿಗೆಯದೋ ದಪ್ಪಗೆ ಇರಲಿ, ಪಫ್ ಪ್ಯಾನೆಲ್ ಚಾವಣಿಗೆ ಹಾಕಿ. ನೆತ್ತಿ ಮೇಲಿನ ಬಿಸಿಲು ಬೀಳುವುದು ಅಲ್ಲಿಗೇ ಅಲ್ವಾ? ಪಶ್ಚಿಮಕ್ಕೆ ಒಂದು ವರಾಂಡ ಬಿಡಿ. ಇನ್ನೊಂದು, ಪ್ಯಾನೆಲ್ ಹಗುರ, ಅಡಿಪಾಯ ಬೇಕಿಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೆಲ ಅಲುಗಿದರೆ ಹಗುರ ಮನೆಯ ಜೋಡಣೆಯೂ ಬಾಯಿ ಬಿಡುತ್ತದೆ.

ಮಾಲು ಇಳಿಸುವಾಗ ಒಂದು ತುಂಡು ಕೊಯ್ಯಿಸಿ ನೋಡಿ. ಒಳಗೆ ಸಾಬೂದಾಣಿಯಂತೆ ಬಿಳಿ ಕಾಳು ಕಂಡರೆ ಅದು ಥರ್ಮಾಕೋಲ್, ಪಫ್ ಅಲ್ಲ. ಪಫ್ ನುಣ್ಣಗೆ, ಸಾಮಾನ್ಯವಾಗಿ ತುಸು ಹಳದಿ ಇರುತ್ತದೆ. ತಗಡಿನ ಅಂಚು ಉಗುರಿನಿಂದ ಎತ್ತಿ ನೋಡಿ, ಸುಲಭವಾಗಿ ಬಿಟ್ಟುಬಂದರೆ ವಾಪಸ್ ಕಳಿಸಿ. ಬಿಲ್‌ನಲ್ಲಿ ಫೋಮ್‌ನ ಸಾಂದ್ರತೆ ಬರೆಸಿ, 40 ಕೆಜಿ ಅಂದರೆ ಒಂದು ಘನ ಮೀಟರಿಗೆ 40 ಕೆಜಿ ಅಂತ. ತಗಡಿನ ದಪ್ಪವನ್ನೂ ಬರೆಸಿ. ಬಾಯಿಮಾತು ಸಾಲದು.

ಬೆಳಗಾವಿಯಿಂದ ಉತ್ತರ: ಮೇಲಿನ ಸರ್ ಹೇಳಿದ್ದು ಬಿಸಿಲಿನ ಲೆಕ್ಕ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ಚಿಂತೆ. ಪ್ಯಾನೆಲ್ ನಡುವೆ ಸೋರುವುದು ಅಪರೂಪ, ಸೋರುವುದು ಕೂಡುವ ಕಡೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರುಕು ಬಿಡುತ್ತದೆ, ಗೋಡೆಗೆ ಸೇರುವಲ್ಲಿ ತಗಡಿನ ಪಟ್ಟಿ ಹೊಡೆಯದೆ ಸುಮ್ನೆ ಸಿಲಿಕಾನ್ ಬಳಿದು ಹೋಗುತ್ತಾರೆ. ನಮ್ಮ ಅಂಗಡಿ ಮೇಲೆ ಹಾಗೇ ಮಾಡಿ ಹೋಗಿದ್ದರು, ಎರಡನೇ ಮಳೆಗಾಲಕ್ಕೆ ಗೋಡೆಗುಂಟ ನೀರು. ಆಮೇಲೆ ಬೇರೆಯವರನ್ನು ಕರೆಸಿ ಪಟ್ಟಿ ಹೊಡೆಸಿದ ಮೇಲೆ ನಿಂತಿತು. ಸ್ಕ್ರೂಗಳನ್ನು ಪ್ರತಿ ಮೇ ತಿಂಗಳು ನೋಡಿಸುತ್ತೇನೆ.

ಕಟ್ಟಿಗೆಯ ದೊಡ್ಡ ಗುಣ ಅಂದರೆ ರೋಗ ಕಣ್ಣಿಗೆ ಕಾಣುತ್ತದೆ. ಸೋರಿದರೆ ಕಪ್ಪಾಗುತ್ತದೆ, ಗೆದ್ದಲು ಬಂದರೆ ಮಣ್ಣಿನ ಗೆರೆ ಏಳುತ್ತದೆ, ಬಡಿಗೇರರನ್ನು ಕರೆಸಿ ಆ ಒಂದು ಜಂತಿ ಬದಲಿಸಬಹುದು. ಆದರೆ ಇವತ್ತು ಹದವಾಗಿ ಒಣಗಿದ ಸಾಗವಾನಿಯಲ್ಲಿ ಇಡೀ ಮನೆಯ ಚೌಕಟ್ಟು ಮಾಡಿಸುವುದು ತುಂಬಾ ದುಬಾರಿ. ಅಗ್ಗದ ಪೈನ್ ಅಂದರೆ ಔಷಧಿ ಕುಡಿಸಿದ್ದೇ ಬೇಕು. ಫೋಮ್ ಇದ್ದರೆ ಗೆದ್ದಲಿನ ಭಯ ಇಲ್ಲ ಅಂತಲೂ ತಿಳಿಯಬೇಡಿ, ತಿನ್ನದಿದ್ದರೂ ಅದರೊಳಗೆ ದಾರಿ ಕೊರೆಯುತ್ತವೆ. ಯಾವುದೇ ಕಟ್ಟಿ, ಅಡಿಪಾಯದ ಹಂತದಲ್ಲೇ ಗೆದ್ದಲಿನ ಔಷಧಿ ಹಾಕಿಸಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಥ್ಯಾಂಕ್ಸ್ ರೀ. ಅಡುಗೆ ಮನೆ ಮೇಲೂ ಇದೇ ಪಫ್ ನಡೆಯುತ್ತದಾ? ಅವ್ವ ಒಲೆ ಹಚ್ಚುವುದು ಬಿಡಲ್ಲ.

ವಿಜಯಪುರದಿಂದ: ಬೇಡ ಅಣ್ಣಾರ. ದಪ್ಪ ತೊಲೆ ಉರಿದರೂ ಹೊರಗಿನಿಂದ ಕರಿಕಾಗುತ್ತಾ ನಿಧಾನ ಹೋಗುತ್ತದೆ, ಓಡಿ ಹೊರಬರಲು ಹೊತ್ತು ಸಿಗುತ್ತದೆ. ಪಫ್‌ಗೆ ಕಿಚ್ಚು ತಾಗಿದರೆ ಹೊಗೆಯೇ ವಿಷ. ಒಲೆಯ ಕೋಣೆ ಬೇರೆ ಮಾಡಿ, ಅದರ ಮೇಲೆ ಸ್ಲ್ಯಾಬ್ ಹಾಕಿಸಿ, ಪ್ಯಾನೆಲ್ಲೇ ಬೇಕಾದರೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಎಳೆ) ತುಂಬಿದ್ದು ಕೇಳಿ, ಅದು ಹತ್ತಿಕೊಳ್ಳುವುದಿಲ್ಲ. ಉಳಿದ ಕೋಣೆಗಳಲ್ಲಿ ವೈರ್‌ಗಳನ್ನು ಫೋಮ್ ಕೊರೆದು ಹಾಗೇ ಎಳೆಯಲು ಬಿಡಬೇಡಿ, ಪೈಪಿನೊಳಗೇ ಹೋಗಲಿ. ಫ್ಯಾನನ್ನು ಪ್ಯಾನೆಲ್‌ಗೆ ತೂಗುಹಾಕಬೇಡಿ, ಕಬ್ಬಿಣದ ಅಡ್ಡಪಟ್ಟಿಗೆ ಹಾಕಿಸಿ. ಕೆಲಸ ಶುರುವಾಗುವಾಗ ಹೇಳಿ, ಚಾವಣಿ ಏರಿಸುವ ದಿನ ನಾನೂ ಬಂದು ನೋಡುತ್ತೇನೆ.