ಹಸಿರು ಹಲಗೆಯ ಮನೆ, ಕಪ್ಪು ಟೇಪು: ಮಳೆ ತಡೆಯುತ್ತಾ?

ಪ್ರಶ್ನೆ (ರಾಲೆ, ನಾರ್ತ್ ಕ್ಯಾರೊಲಿನಾ):
ನಮಸ್ಕಾರ ಸರ್. ಇಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮರದ ಫ್ರೇಮಿಂಗ್ ಮುಗಿದಿದೆ. ಗೋಡೆಗೂ ಮಾಡಿಗೂ ಹಸಿರು ಹಲಗೆ ಹೊಡೆದಿದ್ದಾರೆ, ಸಂದುಗಳಿಗೆಲ್ಲ ಕಪ್ಪು ಟೇಪ್. ಪಕ್ಕದ ಬೀದಿಯ ಮನೆಗಳಿಗೆ ನೀರು ತಡೆಯುವ ಬಿಳಿ ಹಾಳೆ, ಟೈವೆಕ್, ಸುತ್ತಿದ್ದಾರೆ, ನಮಗೆ ಅದಿಲ್ಲ. ಕೇಳಿದರೆ "ಎಲ್ಲ ಹಲಗೆಯಲ್ಲೇ ಇದೆ" ಅಂದರು. ಮಾಡಿಗೆ ಹೊದಿಸುವ ಶಿಂಗಲ್ ಬರುವುದು ತಡವಾಗಿದೆ, ಮೂರು ವಾರದಿಂದ ಬಿಟ್ಟು ಬಿಟ್ಟು ಮಳೆ. ತೀರ್ಥಹಳ್ಳಿಯಿಂದ ಬಂದಿರುವ ಅಪ್ಪ ದಿನಾ ಸೈಟಿಗೆ ಹೋಗಿ ಬಂದು, "ರಟ್ಟಿನ ಡಬ್ಬಕ್ಕೆ ಬಣ್ಣ ಹೊಡೆದ ಹಾಗಿದೆ ಕಣೇ" ಅಂತಾರೆ. ಹೆದರಬೇಕಾ?

ಉತ್ತರ (ಸೈಟ್ ಸೂಪರ್‌ವೈಸರ್, 17 ವರ್ಷದಿಂದ ಇದೇ ಕೆಲಸ):
ಮಳೆಗೆ ಹೆದರಬೇಡಿ ಮೇಡಂ. ಟೇಪ್ ಹೇಗೆ ಹಚ್ಚಿದ್ದಾರೆ ಅಂತ ಮಾತ್ರ ನೋಡಿ.

ನೀವು ಹೇಳುತ್ತಿರುವುದು ಬಹುಶಃ ಜಿಪ್ ಸಿಸ್ಟಮ್. ಚಾರ್ಲಟ್‌ನ ಹ್ಯೂಬರ್ ಕಂಪನಿ 2006ರಲ್ಲಿ ತಂದ ಮಾಲು. ಈಗ ಜಾರ್ಜಿಯಾ-ಪೆಸಿಫಿಕ್‌ನ ಫೋರ್ಸ್‌ಫೀಲ್ಡ್, ಎಲ್‌ಪಿಯ ವೆದರ್‌ಲಾಜಿಕ್ ಕೂಡ ಇದೇ ಜಾತಿಯವು. ಒಳಗಿರುವುದು ಓಎಸ್‌ಬಿ, ಅಂದರೆ ಮರದ ಚಕ್ಕೆಗಳನ್ನು ಅಂಟು ಹಾಕಿ ಬಿಸಿಯಲ್ಲಿ ಒತ್ತಿದ ಹಲಗೆ. ಅದರ ಮೇಲ್ಮೈಗೆ ರಾಳ ಕುಡಿಸಿದ ಕಾಗದವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹಳೆ ಪದ್ಧತಿಯಲ್ಲಿ ಹಲಗೆ ಹೊಡೆದು ಆಮೇಲೆ ಬಟ್ಟೆ ಸುತ್ತಿದ ಹಾಗೆ ಟೈವೆಕ್ ಥರದ ಹೌಸ್‌ವ್ರ್ಯಾಪ್ ಸುತ್ತುತ್ತಿದ್ದೆವು, ಮಾಡಿಗೆ ಫೆಲ್ಟ್ (ಡಾಂಬರು ಹಾಳೆ) ಹಾಸುತ್ತಿದ್ದೆವು. ಇಲ್ಲಿ ಆ ಎರಡನೇ ಪದರ ಹಲಗೆಗೇ ಅಂಟಿಕೊಂಡು ಬಂದಿದೆ. ಸಂದುಗಳನ್ನು ಟೇಪ್ ಮುಚ್ಚಬೇಕು.

ಜಿಪ್ ಹಲಗೆಯನ್ನು 180 ದಿನ ಬಿಸಿಲು ಮಳೆಗೆ ತೆರೆದಿಡಬಹುದು ಅಂತ ಕಂಪನಿಯೇ ಖಾತರಿ ಕೊಡುತ್ತದೆ. ನಿಮ್ಮದು ಮೂರು ವಾರ. ಹಲಗೆಗೆ ಏನೂ ಆಗಿರುವುದಿಲ್ಲ. ನನ್ನ ಚಿಂತೆ ಬೇರೆ: ಕಿಟಕಿ ಕೂರಿಸುವ ಮೊದಲು ಆ ಬಾಯಿಗಳಿಂದ ನೀರು ಒಳಗೆ ಬಂದು ನೆಲದ ಹಲಗೆ ಮೇಲೆ ನಿಂತಿತ್ತಾ? ಗೋಡೆಯ ಕೆಳಗಿನ ಅಡ್ಡಪಟ್ಟಿ ಒದ್ದೆಯಾಗಿದೆಯಾ? ಅದನ್ನು ಅಪ್ಪನವರಿಗೆ ನೋಡಲು ಹೇಳಿ. ಅವರಿಗೆ ಹೇಗೂ ಸೈಟು ಇಷ್ಟ ಅಂತ ಕಾಣುತ್ತೆ.

ಪ್ರಶ್ನೆ (ರಾಲೆ):
ಟೇಪ್ ಸರಿಯಾಗಿದೆಯಾ ಅಂತ ನಮ್ಮಂಥವರು ಹೇಗೆ ನೋಡುವುದು ಸರ್? ನೋಡಲು ಎಲ್ಲ ಒಂದೇ ಥರ ಇದೆ.

ಉತ್ತರ:
ದೂರದಿಂದ ಒಂದೇ ಥರ. ಕೈ ಮುಟ್ಟಿ ನೋಡಿ.

ಈ ಟೇಪಿನ ಅಂಟು ಅಕ್ರಿಲಿಕ್. ಬರೀ ಅಂಟಿಸಿದರೆ ಸಾಲದು, ಒತ್ತಬೇಕು. ಒತ್ತಿದಷ್ಟೂ ಹಿಡಿತ ಜಾಸ್ತಿ, ದಿನ ಕಳೆದಂತೆ ಇನ್ನೂ ಗಟ್ಟಿ. ಅದಕ್ಕೆ ಅಂತಲೇ ಸಣ್ಣ ರೋಲರ್ ಇದೆ, ಚಪಾತಿ ಲಟ್ಟಿಸಿದ ಹಾಗೆ ಉದ್ದಕ್ಕೂ ಉರುಳಿಸಬೇಕು. ಜಿಪ್ ಟೇಪನ್ನು ಚೆನ್ನಾಗಿ ಉರುಳಿಸಿದರೆ ಕೆಳಗಿನ ಹಲಗೆಯ ಮೈಯ ಅಚ್ಚು ಟೇಪಿನ ಮೇಲೆ ಎದ್ದು ಕಾಣುತ್ತದೆ. ನುಣ್ಣಗೆ, ಸಪಾಟಾಗಿ ಕಂಡರೆ ಕೈಯಲ್ಲಿ ಸವರಿ ಹೋಗಿದ್ದಾರೆ ಅಂತ ಅರ್ಥ. ಅಂಚಿಗೆ ಉಗುರು ಹಾಕಿ ನೋಡಿ. ಎದ್ದರೆ ಆ ಜಾಗ ಮೊಬೈಲಲ್ಲಿ ಫೋಟೋ ತೆಗೆದಿಡಿ.

ಎರಡನೆಯದು, ಸುಕ್ಕು. ಟೇಪ್ ಎಳೆಯುವಾಗ ಮಡಿಕೆ ಬಿದ್ದರೆ ಅಂಚಿನಲ್ಲಿ ಒಂದು ಪುಟ್ಟ ಬಾಯಿ ತೆರೆದುಕೊಳ್ಳುತ್ತದೆ. ಕೆಳಗಿನ ಅಂಚಿನಲ್ಲಿದ್ದರೆ ಅಷ್ಟು ತೊಂದರೆ ಇಲ್ಲ. ಮೇಲಿನ ಅಂಚಿನಲ್ಲಿ ಬಾಯಿ ಬಿಟ್ಟಿದ್ದರೆ ಅದು ಬೊಗಸೆ ಒಡ್ಡಿದ ಹಾಗೆ, ಇಳಿಯುವ ನೀರೆಲ್ಲ ಅಲ್ಲಿಗೇ.

ನಮ್ಮದೇ ಒಂದು ಕಥೆ ಹೇಳುತ್ತೇನೆ. ಜನವರಿಯ ಒಂದು ಬೆಳಿಗ್ಗೆ, ಹಲಗೆ ಮೇಲೆ ತೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ನಮ್ಮ ಹುಡುಗರು ಒರೆಸದೆ ಉತ್ತರದ ಗೋಡೆಗೆ ಪೂರ್ತಿ ಟೇಪ್ ಹಚ್ಚಿಬಿಟ್ಟರು. ರೋಲರ್ ವ್ಯಾನಿನಲ್ಲೇ ಇತ್ತು. ಮಧ್ಯಾಹ್ನ ನಾನು ಹೋಗಿ ಒಂದು ತುದಿ ಹಿಡಿದು ಎಳೆದರೆ ಬಾಳೆಪಟ್ಟೆ ಸುಲಿದ ಹಾಗೆ ಹತ್ತು ಅಡಿ ಕೈಗೆ ಬಂತು. ಎರಡು ದಿನ ಕಿತ್ತು, ಒರೆಸಿ, ಮತ್ತೆ ಹಚ್ಚಿಸಿದೆ. ಹಲಗೆಯ ತಪ್ಪೂ ಅಲ್ಲ, ಟೇಪಿನ ತಪ್ಪೂ ಅಲ್ಲ. ಗರಗಸದ ಪುಡಿ, ಮಣ್ಣು, ಹಿಮ, ಇವು ಮೂರೂ ಈ ಟೇಪಿಗೆ ಶತ್ರು.

ಪ್ರಶ್ನೆ (ಡಲ್ಲಾಸ್):
ನಮ್ಮ ಮನೆಗೂ ಇದೇ ಹಲಗೆ. ಮೊಳೆಗಳು ಒಳಗೆ ಹೂತುಹೋಗಿವೆ, ಸುತ್ತ ಹಸಿರು ಕಾಗದ ಹರಿದು ಕಂದು ಬಣ್ಣದ ಚಕ್ಕೆ ಕಾಣುತ್ತಿದೆ. ನೂರಾರು ಕಡೆ ಹೀಗಿದೆ. ಪರವಾಗಿಲ್ವಾ?

ಉತ್ತರ:
ಪರವಾಗಿಲ್ಲ ಅನ್ನುವ ಹಾಗಿಲ್ಲ. ಕಂಪ್ರೆಸರ್ ಒತ್ತಡ ಜಾಸ್ತಿ ಇಟ್ಟು ನೇಲ್‌ಗನ್ ಓಡಿಸಿದಾಗ ಹೀಗಾಗುತ್ತದೆ. ಮೊಳೆಯ ತಲೆ ಹಲಗೆಗೆ ಸಮನಾಗಿ ಕೂರಬೇಕು. ಅಂಚಿನ ಮೊಳೆಗಳು ಟೇಪಿನ ಅಡಿಗೆ ಹೋಗುತ್ತವೆ, ಅವುಗಳಿಗೆ ನೀರಿನ ಭಯ ಇಲ್ಲ. ಹಲಗೆ ಮಧ್ಯದಲ್ಲಿ ಹೂತ ಮೊಳೆಗಳಿಗೆ ಒಂದೊಂದು ತುಂಡು ಟೇಪ್ ಅಥವಾ ಲಿಕ್ವಿಡ್ ಫ್ಲ್ಯಾಶ್ ಹಚ್ಚಬೇಕು. ಅದು ಪೇಸ್ಟಿನ ಥರ ಬರುತ್ತದೆ, ಚಪ್ಪಟೆ ಕರಣೆಯಲ್ಲಿ ಸವರುವುದು.

ನೀರು ಒಂದು ಕಡೆ ಇರಲಿ. ಈ ಹಲಗೆ ಗೋಡೆಗೆ ಬರೀ ಕೊಡೆ ಅಲ್ಲ, ಗಾಳಿಗೆ ಮನೆ ವಾಲದಂತೆ ಹಿಡಿಯುವುದೂ ಇದೇ. 7/16 ಇಂಚಿನ ಹಲಗೆಯಲ್ಲಿ ಮೊಳೆ ಅರ್ಧ ಹೂತರೆ ಹಿಡಿಯಲು ಉಳಿಯುವುದೆಷ್ಟು? ಅಂಚಿನ ಮೊಳೆಗಳಲ್ಲೂ ಹೀಗೇ ಆಗಿದ್ದರೆ ಪಕ್ಕದಲ್ಲಿ ಹೆಚ್ಚುವರಿ ಮೊಳೆ ಹೊಡೆಸಿ. ಟೇಪ್ ಹಚ್ಚುವ ಮೊದಲೇ ಆಗಬೇಕಾದ ಕೆಲಸ ಇದು.

ಪ್ರಶ್ನೆ (ಬೆಂಗಳೂರು, ನಿವೃತ್ತ ಸಿವಿಲ್ ಎಂಜಿನಿಯರ್):
ಸಾರ್, ಒಂದು ಮೂಲ ಪ್ರಶ್ನೆ. ಹೆಂಚು ಹೊದಿಸುವಾಗ ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತೇವೆ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುತ್ತದೆ. ಮಲೆನಾಡಿನಲ್ಲಿ ಮಣ್ಣಿನ ಗೋಡೆಗೆ ಸೋಗೆ ತಟ್ಟಿ ಕಟ್ಟುವುದೂ ಹಾಗೇ. ಅಂಟು ಇಲ್ಲ, ಏನಿಲ್ಲ, ನೀರು ತಾನಾಗಿ ಹೊರಗೆ ಜಾರುತ್ತದೆ. ನಿಮ್ಮ ಪದ್ಧತಿಯಲ್ಲಿ ಎರಡು ಹಲಗೆ ಒಂದರ ತಲೆ ಮೇಲೆ ಒಂದು ನಿಂತಿವೆ, ಸಂದಿಗೆ ಟೇಪ್. ಎಲ್ಲ ಭಾರ ಅಂಟಿನ ಮೇಲೆ. ಇಪ್ಪತ್ತು ವರ್ಷ ಆದ ಮೇಲೆ ಅಂಟು ಬಿಟ್ಟರೆ?

ಉತ್ತರ:
ಸರ್, ಇಲ್ಲಿನ ಬಿಲ್ಡರ್‌ಗಳು ಸೇರಿದ ಕಡೆಯೆಲ್ಲ ನಡೆಯುವ ಜಗಳ ಇದೇ. ನಾನೂ ಮೊದಲು ನಿಮ್ಮ ಪಕ್ಷದಲ್ಲಿದ್ದೆ.

ನನ್ನ ಅನುಭವ ಹೇಳುತ್ತೇನೆ. ಹನ್ನೊಂದು ವರ್ಷ ಹಳೆಯ ಒಂದು ಮನೆಗೆ ಕೋಣೆ ಸೇರಿಸಲು ಸೈಡಿಂಗ್ (ಹೊರಗೋಡೆಯ ಹೊದಿಕೆ) ತೆಗೆದೆವು. ಗೋಡೆ ಮೇಲಿನ ಟೇಪ್ ಕೀಳಲು ಹೋದರೆ ಟೇಪ್ ಬರಲಿಲ್ಲ, ಹಲಗೆಯ ಕಾಗದವನ್ನೇ ಹರಿದುಕೊಂಡು ಬಂತು. ಅಂಟು ಬಿಟ್ಟಿರಲಿಲ್ಲ. ಅದೇ ಮನೆಯ ಹಿಂಭಾಗದಲ್ಲಿ ಡೆಕ್ ಕೂರಿಸಿದ್ದ ಕಡೆ ಹಲಗೆ ಕೈಯಲ್ಲಿ ಪುಡಿಯಾಯಿತು, ನೆನೆದ ಅವಲಕ್ಕಿ ಥರ. ಯಾಕೆ ಗೊತ್ತಾ? ಡೆಕ್ಕಿನ ದೊಡ್ಡ ತೊಲೆಯನ್ನು ಹಲಗೆ ಮೇಲೆ ನೇರವಾಗಿ ಬೋಲ್ಟ್ ಮಾಡಿದ್ದರು. ಮೇಲೆ ನೀರನ್ನು ಹೊರಗೆ ಜಾರಿಸುವ ಫ್ಲ್ಯಾಶಿಂಗ್ ತಗಡು ಇರಲಿಲ್ಲ. ನೀರು ತೊಲೆಯ ಹಿಂದೆ ಇಳಿದು ಬೋಲ್ಟಿನ ತೂತಿನಿಂದ ಓಎಸ್‌ಬಿಯ ಹೊಟ್ಟೆಗೆ ಹೋಗಿದೆ. ಓಎಸ್‌ಬಿ ಒಮ್ಮೆ ಕುಡಿದರೆ ಬೇಗ ಬಿಡುವುದಿಲ್ಲ. ಅದಕ್ಕೇ ಟೈವೆಕ್ ಪಕ್ಷದವರ ಒಂದು ಮಾತು ಒಪ್ಪುತ್ತೇನೆ: ಈ ಹಲಗೆ ಒಣಗುವುದು ನಿಧಾನ. ತಪ್ಪನ್ನು ಬೇಗ ಕ್ಷಮಿಸುವುದಿಲ್ಲ.

ಆದ್ದರಿಂದ ನಾನು ಎರಡೂ ನಂಬುತ್ತೇನೆ. ಚಪ್ಪಟೆ ಗೋಡೆಯಲ್ಲಿ ಟೇಪ್ ಸಾಕು. ನೀರು ಸೇರುವ ಕಡೆ, ಅಂದರೆ ಕಿಟಕಿಯ ತಲೆ, ಡೆಕ್, ಮಾಡಿನ ಅಂಚು ಗೋಡೆಗೆ ತಾಗಿ ಮುಗಿಯುವ ಮೂಲೆ, ಇಲ್ಲೆಲ್ಲ ತಗಡು ಬೇಕೇ ಬೇಕು, ನಿಮ್ಮ ಹೆಂಚಿನ ಲೆಕ್ಕದಲ್ಲೇ. ಆ ಮೂಲೆಯಲ್ಲಿ ನೀರನ್ನು ಗಟರ್ ಕಡೆಗೆ ಒದೆಯುವ ಒಂದು ಪುಟ್ಟ ತಗಡು ಬರುತ್ತದೆ, ಕಿಕ್‌ಔಟ್ ಫ್ಲ್ಯಾಶಿಂಗ್ ಅಂತ. ಅಂಗೈಯಷ್ಟು ತಗಡು ಮರೆತು ಇಡೀ ಗೋಡೆ ಬಿಚ್ಚಿದ್ದು ನೋಡಿದ್ದೇನೆ. ಇನ್ನೊಂದು, ಸೈಡಿಂಗನ್ನು ಹಲಗೆಗೆ ಒತ್ತಿ ಹೊಡೆಯದೆ ನಡುವೆ ತೆಳು ಪಟ್ಟಿ ಕೊಟ್ಟು ಗಾಳಿ ಆಡಲು ಸಂದು ಬಿಡಬೇಕು. ಹೆಂಚಿನ ಅಡಿಯ ರೀಪಿನ ಹಾಗೆ ಅನ್ನಿ. ಹೊರಗೆ ಇಟ್ಟಿಗೆ ಕಟ್ಟುವವರಂತೂ ಒಂದು ಇಂಚು ಸಂದನ್ನು ಗಾರೆ ಬೀಳಿಸಿ ಮುಚ್ಚಬಾರದು.

ಟೈವೆಕ್ ಪದ್ಧತಿಯಲ್ಲೂ ಎಲ್ಲ ಶಾಸ್ತ್ರೋಕ್ತ ಅಂತ ತಿಳಿಯಬೇಡಿ. ಗಾಳಿಗೆ ಪಟಪಟ ಬಡಿದು ಹರಿದದ್ದು, ಮೇಲಿನ ಪದರವನ್ನು ಕೆಳಗಿನದರ ಒಳಗೆ ತುರುಕಿದ್ದು, ದಿನಾ ನೋಡುತ್ತೇವೆ.

ಪ್ರಶ್ನೆ (ಮಿನ್ನಿಯಾಪೊಲಿಸ್):
ಮಾಡಿಗೂ ಇದೇ ಹಲಗೆ ಹಾಕಿಸಿದರೆ ಬೇರೆ ಏನೂ ಹಾಸದೆ ಶಿಂಗಲ್ ಹೊಡೆಯಬಹುದು ಅಂತಾರೆ. ನಮ್ಮಲ್ಲಿ ಸೂರಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ.

ಉತ್ತರ:
ಫೆಲ್ಟ್ ಬೇಡ ಅನ್ನುವುದು ನಿಜ. ಆದರೆ ನಿಮ್ಮ ಊರಿನಲ್ಲಿ ಐಸ್ ಬ್ಯಾರಿಯರ್ ತಪ್ಪಿಸುವ ಹಾಗಿಲ್ಲ. ಸೂರಿನ ತುದಿಯಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ ಒಳಕ್ಕೆ ಕನಿಷ್ಠ 24 ಇಂಚು, ನೀರು ತಡೆಯುವ ಈ ಪದರ ಇರಬೇಕು ಅಂತ ನಿಯಮ. ಸಾಮಾನ್ಯವಾಗಿ ಸ್ವಯಂ ಅಂಟುವ ಹಾಳೆ ಹಾಕುತ್ತಾರೆ. ಹಸಿರು ಹಲಗೆ ಅದರ ಬದಲಿ ಅಲ್ಲ. ಹಿಮ ಕರಗಿ ಗಡ್ಡೆಯ ಹಿಂದೆ ಕೆರೆಯಂತೆ ನಿಂತ ನೀರು ಮೇಲಕ್ಕೆ ಹತ್ತುತ್ತದೆ, ಶಿಂಗಲ್ ಮೊಳೆ ಪ್ರತಿಯೊಂದೂ ಅದಕ್ಕೆ ಬಾಗಿಲು.

ಉಳಿದ ಮಾಡಿಗೆ ನನಗೆ ಇದು ಗೋಡೆಗಿಂತಲೂ ಇಷ್ಟ. ಹಲಗೆ ಹೊಡೆದು ಟೇಪ್ ಮಾಡಿದ ಸಂಜೆಯೇ ಮನೆ ಒಳಗೆ ನೀರು ಬರುವುದು ನಿಲ್ಲುತ್ತದೆ. ಹಿಂದೆ ರಾತ್ರಿ ಗಾಳಿಗೆ ಫೆಲ್ಟ್ ಹಾರಿಹೋಯಿತು ಅಂತ ಫೋನ್ ಬರುತ್ತಿತ್ತು, ಆ ಕಾಟ ತಪ್ಪಿದೆ.

ಪ್ರಶ್ನೆ (ಸಿಯಾಟಲ್):
ಫೋಮ್ ಸೇರಿಸಿದ ಹಲಗೆಯೂ ಇದೆಯಲ್ಲ, ಅದು ಒಳ್ಳೆಯದಾ?

ಉತ್ತರ:
ಜಿಪ್-ಆರ್. ಹಲಗೆಯ ಒಳಮೈಗೆ ಫೋಮ್ ಅಂಟಿಸಿರುತ್ತಾರೆ, ಆರ್-3ರಿಂದ ಆರ್-12ರವರೆಗೆ ಸಿಗುತ್ತದೆ (ಆರ್ ಅಂದರೆ ಶಾಖ ತಡೆಯುವ ಅಳತೆ). ಆರ್-6 ಅಂದರೆ ಒಂದು ಇಂಚು ಫೋಮ್. ಸ್ಟಡ್ (ಗೋಡೆಯ ಮರದ ಕಂಬ) ಮೂಲಕ ಸೋರುವ ಶಾಖ ಕಡಿಮೆ ಆಗುತ್ತದೆ. ಆದರೆ ಹಲಗೆ ಮತ್ತು ಸ್ಟಡ್ ನಡುವೆ ಫೋಮ್ ಬಂದದ್ದರಿಂದ ಮೊಳೆ ಉದ್ದ ಬೇಕು, ಗೋಡೆಯ ಅಡ್ಡಬಲ ಕಡಿಮೆ. ನಿಮ್ಮದು ಭೂಕಂಪದ ಸೀಮೆ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಮುಂದುವರಿಯಬೇಡಿ.

ಪ್ರಶ್ನೆ (ಬೆಂಗಳೂರು, ಇನ್ನೊಬ್ಬರು):
ನಮ್ಮಲ್ಲಿ ಹಾಕಿಸಬಹುದಾ ಸರ್?

ಉತ್ತರ:
ಇಟ್ಟಿಗೆ, ಕಾಂಕ್ರೀಟ್ ಮನೆಗೆ ಇದರ ಕೆಲಸವೇ ಇಲ್ಲ. ಸುಮ್ನೆ ಯಾಕೆ? ಆ ದುಡ್ಡಿನಲ್ಲಿ ಟೆರೇಸಿಗೆ ಸರಿಯಾದ ಇಳಿಜಾರು ಕೊಡಿಸಿ.

ರಾಲೆಯಿಂದ ಮತ್ತೆ:
ಸರ್, ನಿನ್ನೆ ಅಪ್ಪನೂ ನಾನೂ ಏಣಿ ಇಟ್ಟುಕೊಂಡು ಹೋಗಿದ್ದೆವು. ಟೇಪ್ ಬಹಳ ಕಡೆ ಚೆನ್ನಾಗಿದೆ, ಅಚ್ಚು ಕಾಣುತ್ತದೆ. ಗ್ಯಾರೇಜ್ ಕಡೆಯ ಗೋಡೆಯಲ್ಲಿ ಎರಡು ಪಟ್ಟಿ ನುಣ್ಣಗಿದ್ದವು, ಅಪ್ಪ ಉಗುರು ಹಾಕಿದ ತಕ್ಷಣ ಎದ್ದವು. ಕಿಟಕಿಗಳಿಗೆ ನಾಲ್ಕೂ ಕಡೆ ಟೇಪ್ ಹಚ್ಚಿದ್ದಾರೆ, ಅದು ಸರಿ ಅಲ್ವಾ?

ಉತ್ತರ:
ಅಲ್ಲ! ಕಿಟಕಿಯ ಕೆಳಗಿನ ರೆಕ್ಕೆಗೆ (ಚೌಕಟ್ಟಿನಿಂದ ಗೋಡೆ ಮೇಲೆ ಚಾಚಿದ ಪಟ್ಟಿಗೆ) ಟೇಪ್ ಹಚ್ಚಬಾರದು. ಮೊದಲು ಬಾಯಿಯ ತಳಕ್ಕೆ ಟೇಪ್ ಹಾಸಿ, ಮೇಲೆ ಕಿಟಕಿ ಕೂರಿಸಿ, ಎರಡು ಪಕ್ಕ, ಆಮೇಲೆ ತಲೆ. ಕೆಳಗೆ ತೆರೆದಿರಬೇಕು. ಕಿಟಕಿ ಎಂದಾದರೂ ಸೋರಿದರೆ ಒಳಗೆ ಬಂದ ನೀರು ಅಲ್ಲಿಂದ ಹೊರಗೆ ಹೋಗಬೇಕು. ಮುಚ್ಚಿದರೆ ತೊಟ್ಟಿ ಆಯಿತು. ಸೂಪರಿಂಟೆಂಡೆಂಟ್‌ಗೆ ಜಗಳದ ಧಾಟಿಯಲ್ಲಿ ಹೇಳಬೇಡಿ, ಫೋಟೋ ಕಳಿಸಿ, "ತಯಾರಕರ ಸೂಚನೆಯಲ್ಲಿ ಹೀಗಿದೆ, ಒಮ್ಮೆ ನೋಡಿ" ಅನ್ನಿ. ಟೇಪ್ ಬೇರೆ ಕಂಪನಿಯದು ಬಳಸಿದ್ದಾರಾ ಅಂತಲೂ ನೋಡಿ. ಹಾಗಿದ್ದರೆ ವಾರಂಟಿ ಕೈಬಿಡುತ್ತದೆ.

ಒಳಗೆ ಇನ್ಸುಲೇಷನ್ ತುಂಬುವ ಮೊದಲು ಮಾಯಿಶ್ಚರ್ ಮೀಟರ್ ಇಡಿಸಿ. ಮರದ ತೇವ ಶೇಕಡಾ 19 ದಾಟಿರಬಾರದು. ನಾನು 16ಕ್ಕೆ ಬರುವವರೆಗೆ ಕಾಯುತ್ತೇನೆ.

ರಾಲೆಯಿಂದ, ನಾಲ್ಕು ದಿನದ ನಂತರ:
ಗ್ಯಾರೇಜ್ ಗೋಡೆಯ ಟೇಪ್ ಕಿತ್ತು ಹೊಸದು ಹಚ್ಚಿದರು. ಕಿಟಕಿಗಳ ಕೆಳಗಿನ ಟೇಪ್ ಕೊಯ್ದು ತೆಗೆದರು. ಆ ಹುಡುಗ ಉರುಳಿಸುವಾಗ ಅಪ್ಪ ಪಕ್ಕದಲ್ಲೇ ನಿಂತು ಕನ್ನಡದಲ್ಲೇ "ಇನ್ನೂ ಒತ್ತು, ಇನ್ನೂ ಒತ್ತು" ಅನ್ನುತ್ತಿದ್ದರು. ಅವನು ಮೆಕ್ಸಿಕೋದವನು, ನಗುತ್ತಾ ಒತ್ತಿದ. ಶಿಂಗಲ್ ಬುಧವಾರ ಬರುತ್ತದಂತೆ. ಅಡುಗೆಮನೆಯ ಮೂಲೆಯಲ್ಲಿ ಕೆಳಗಿನ ಪಟ್ಟಿ ಮೀಟರಿನಲ್ಲಿ 22 ತೋರಿಸುತ್ತಿದೆ.

ಉತ್ತರ:
ಅಲ್ಲಿಗೊಂದು ಫ್ಯಾನ್ ಇಡಿಸಿ. ಶುಕ್ರವಾರ ಮತ್ತೆ ಅಳೆದು ಇಲ್ಲಿ ತಿಳಿಸಿ.